ಕಾಡು ನೋಡುವ ಕಣ್ಣು ಯಾರದು?

ಕನ್ನಡದ ವಿಮರ್ಶಕರು ಕಾಡಿನ ಬಗ್ಗೆ ಮಾತಾಡಲು ಹೊರಟರೆ ಕುಪ್ಪಳಿಯಿಂದ ಶುರು ಮಾಡಿ ಮೂಡಿಗೆರೆಗೆ ಬಂದು ನಿಲ್ಲುತ್ತಾರೆ. ನಾವು ನಿಟ್ಟೆಯಿಂದ ಶುರು ಮಾಡುತ್ತೇವೆ. ಕಾರ್ಕಳದಿಂದ ಪಡುಬಿದ್ರಿಗೆ ಇಳಿಯುವ ರಸ್ತೆಯ ಮೇಲಿನ ಊರು ಇದು. ಮೂಡಣಕ್ಕೆ ಕುದುರೆಮುಖದ ಸಾಲು, ಪಡುವಣಕ್ಕೆ ಕಡಲು. ನಡುವೆ ಇರುವುದು ಮಹಾಕಾವ್ಯದ ಹೆಗ್ಗಾಡಲ್ಲ. ಹಾಡಿ, ಗುಡ್ಡೆ, ಪದವು, ನಾಗಬನ, ಕುಮ್ಕಿ – ಇವು ನಮ್ಮ ಕಾಡಿನ ಹೆಸರುಗಳು. ರೆಂಜೆ, ಹೆಬ್ಬಲಸು, ಕುಂಟಾಲ, ಕೇಪುಳ ಬೆಳೆಯುವ ಜಾಗ. ನವಿಲು, ಕಾಡುಹಂದಿ, ಚಿಪ್ಪುಹಂದಿ, ಮಂಗಟ್ಟೆ, ಒಮ್ಮೊಮ್ಮೆ ಚಿರತೆ ತಿರುಗುವ ಜಾಗ. ದೊಡ್ಡ ಕವಿಗಳು ಇದರ ಮೇಲೆ ದರ್ಶನ ಕಟ್ಟಿದ್ದು ಕಡಿಮೆ. ಸರ್ಕಾರ ಇಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಬೋರ್ಡು ಹಾಕಿಲ್ಲ. ಅದಕ್ಕೇ ಇದು ಸುಲಭವಾಗಿ ಹೋಗ್ತಾ ಉಂಟು.

ಹೋಗುವುದೂ ಸದ್ದಿಲ್ಲದೆ. ಒಮ್ಮೆ ರಸ್ತೆ ಅಗಲವಾಗುತ್ತದೆ. ಇನ್ನೊಮ್ಮೆ ಗುಡ್ಡೆ ಸಮತಟ್ಟಾಗಿ ಸೈಟುಗಳಾಗುತ್ತದೆ. ಮತ್ತೊಮ್ಮೆ ಕೆಂಪುಕಲ್ಲಿನ ಕೋರೆ ಬರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಯಾರದೋ ಹಿತ್ತಿಲ ಬಾವಿಯಲ್ಲಿ ಚಿರತೆ ಬಿದ್ದಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ನಾಡಿಗೆ ಬಂದ ಚಿರತೆ’ ಎಂದು ತಲೆಬರಹ. ಚಿರತೆ ಬಂದದ್ದು ಬರೆದವರಿಗೆ ಕಂಡಿತು, ಹಾಡಿ ಹೋದದ್ದು ಕಾಣಲಿಲ್ಲ. ಮೂರು ಪದದ ತಲೆಬರಹದಲ್ಲೂ ಒಂದು ಪಕ್ಷ ಇರುತ್ತದೆ. ಹಾಗಾದರೆ ಮುನ್ನೂರು ಪುಟದ ಕಾದಂಬರಿಯಲ್ಲಿ, ಅದನ್ನು ಓದಿಸುವ ವಿಮರ್ಶೆಯಲ್ಲಿ ಪಕ್ಷ ಇಲ್ಲವೆ? ಉಂಟು. ಆ ಪಕ್ಷ ಯಾವುದು, ಅದು ಕಾಡಿಗೂ ನಮ್ಮ ಜನರಿಗೂ ಏನು ಮಾಡಿದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ಪದವನ್ನು ವಿಮರ್ಶೆಗೆ ತೆಗೆದುಕೊಳ್ಳೋಣ. ‘ಬರಡು’. ನಮ್ಮ ಜಿಲ್ಲೆಯ ಪ್ರಗತಿಯ ಕಥೆಗಳೆಲ್ಲ ಈ ಪದದಿಂದ ಆರಂಭವಾಗುತ್ತವೆ. ಮಣಿಪಾಲ ಒಂದು ಬೋಳುಗುಡ್ಡೆಯಾಗಿತ್ತು, 1953ರಲ್ಲಿ ವೈದ್ಯಕೀಯ ಕಾಲೇಜು ಬಂತು, ಈಗ ಜಗತ್ತಿಗೇ ಗೊತ್ತು – ಇದು ಪ್ರತಿ ಭಾಷಣದಲ್ಲೂ ಕೇಳುವ ಮಾತು. ನಿಟ್ಟೆಯಲ್ಲಿ 1979ರಲ್ಲಿ ವಿದ್ಯಾಸಂಸ್ಥೆಯ ಟ್ರಸ್ಟು, 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಈಗ ಅದೇ ಊರಿನ ಗುರುತು. ಈ ಸಾಧನೆಯನ್ನು ನಾವು ಹೀಗಳೆಯುವುದಿಲ್ಲ. ಮನೆಯಲ್ಲಿ ಮೊದಲ ಸಲ ಪದವಿ ಪಡೆದವರು ನಾವು. ಅಕ್ಷರ ಏನು ಕೊಡುತ್ತದೆ ಎಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಗುಡ್ಡೆಯ ಮೇಲೆ ಕಟ್ಟಡ ಏಳುವ ಮೊದಲು ಅಲ್ಲಿ ಏನೂ ಇರಲಿಲ್ಲ ಎಂದು ಹೇಳುವ ಭಾಷೆಯನ್ನು ನಾವು ಒಪ್ಪುವುದಿಲ್ಲ.

ಪದವು ಬರಡಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆ ಇದು. ಆ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ಬಾವಿ, ತೋಡು, ಬೈಲುಗಳಿಗೆ ಬರುತ್ತದೆ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಬೆರಳಷ್ಟೆತ್ತರದ ಹೂಗಳು ಅರಳುತ್ತವೆ, ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳು ಹುಟ್ಟುತ್ತವೆ. ಬೇಸಗೆಯಲ್ಲಿ ಬಂದು ನೋಡಿದವನಿಗೆ ಅದು ಬೋಳು. ವರ್ಷವಿಡೀ ಅದರ ಮೇಲೆ ನಡೆದವರಿಗೆ ಅದು ಮೇವು, ನೀರು, ಔಷಧಿ, ದಾರಿ. ಬೋಳು ಅನ್ನುವುದು ಗುಡ್ಡೆಯ ಗುಣವಲ್ಲ, ನೋಡಿದವನ ಋತು.

ನಮಗೆ ಈ ಪದದ ಮೇಲೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಉಂಟು. ‘ಅಲ್ಲಿ ಯಾರೂ ಇರಲಿಲ್ಲ’ ಎಂಬ ಮಾತನ್ನು ನಮ್ಮ ಕೇರಿಗಳ ಬಗ್ಗೆಯೂ ಕೇಳಿದ್ದೇವೆ. ಲೆಕ್ಕಕ್ಕೆ ಬಾರದ ಭೂಮಿ, ಲೆಕ್ಕಕ್ಕೆ ಬಾರದ ಜನ – ಇವೆರಡೂ ಒಂದೇ ದಫ್ತರದಲ್ಲಿ ಹುಟ್ಟಿದವು.

ಈಗ ಕಾದಂಬರಿಗಳಿಗೆ ಬರೋಣ. ನಮ್ಮ ಈ ತುಳುನಾಡಿನ ಕಾಡನ್ನು ಕನ್ನಡಕ್ಕೆ ತಂದವರು ಶಿವರಾಮ ಕಾರಂತರು. ‘ಬೆಟ್ಟದ ಜೀವ’ 1943ರದ್ದು. ಘಟ್ಟದ ಬುಡದ ಕೆಳಬೈಲಿನಲ್ಲಿ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳು. ಗೋಪಾಲಯ್ಯ ಕಾಡು ಸವರಿ ಅಡಿಕೆ ತೋಟ ಎಬ್ಬಿಸಿದವರು. ಹುಲಿಗೆ ಹೆದರದವರು. ಮಗ ಮನೆ ಬಿಟ್ಟು ಹೋದ ದುಃಖವನ್ನು ದುಡಿಮೆಯಲ್ಲಿ ನುಂಗಿದವರು. ಇಂಥ ಮನುಷ್ಯನನ್ನು ಓದಿ ಪ್ರೀತಿಸದಿರುವುದು ಕಷ್ಟ, ನಾವೂ ಪ್ರೀತಿಸುತ್ತೇವೆ. ಆದರೆ ಈ ಕಾದಂಬರಿಯ ವಿಮರ್ಶೆಗಳನ್ನು ತೆಗೆದು ನೋಡಿ. ಮನುಷ್ಯ ಪ್ರಕೃತಿಯೊಡನೆ ನಡೆಸುವ ಹೋರಾಟ, ಛಲ, ಜೀವನಪ್ರೀತಿ – ಎಲ್ಲ ಉಂಟು. ಕಾಡು ಕಡಿದ ಕೈಗಳು ಯಾರವು, ಕಡಿದ ಮೇಲೆ ತೋಟ ಯಾರ ಹೆಸರಿಗೆ ಆಯಿತು ಎಂಬ ಪ್ರಶ್ನೆ ಬರುವುದೇ ಅಪರೂಪ. ಕಾಡು ಸವರುವುದು ಸಾಹಸ ಅನ್ನಿಸಿಕೊಳ್ಳಬೇಕಾದರೆ ಸವರಿದವನಿಗೆ ಭೂಮಿಯ ಮೇಲೆ ಹಕ್ಕು ಇರಬೇಕು. ಹಕ್ಕಿಲ್ಲದವನು ಅದೇ ಕತ್ತಿ ಹಿಡಿದರೆ ಅದರ ಹೆಸರು ಅತಿಕ್ರಮಣ.

ಇದಕ್ಕೆ ಸಾಕ್ಷಿ ಬೇರೆಲ್ಲಿಯೂ ಹುಡುಕಬೇಡಿ. ಅದೇ ಕಾರಂತರು ಹತ್ತು ವರ್ಷ ಮೊದಲು, 1933ರಲ್ಲಿ, ‘ಚೋಮನ ದುಡಿ’ ಬರೆದಿದ್ದರು. ಚೋಮನಿಗೂ ಬೇಸಾಯದ ಆಸೆಯೇ. ಗೋಪಾಲಯ್ಯನಿಗಿದ್ದ ಛಲ ಇವನಿಗೇನು ಕಡಿಮೆ ಇತ್ತೆ? ಆದರೆ ಹೊಲೆಯ ಉಳಬಾರದು. ಚೋಮನ ಜೋಡಿ ಎತ್ತುಗಳು ಎಲ್ಲಿಂದ ಬಂದವು ನೆನಪು ಮಾಡಿಕೊಳ್ಳಿ. ಕಾಡಿನಲ್ಲಿ ದಿಕ್ಕಿಲ್ಲದೆ ಸಿಕ್ಕಿದವು. ಕೊನೆಗೆ ನೇಗಿಲು ಸುಟ್ಟು ಎತ್ತುಗಳನ್ನು ಎಲ್ಲಿಗೆ ಅಟ್ಟಿದ? ಕಾಡಿಗೇ. ಧಣಿ ಕೊಡದದ್ದನ್ನು ಕಾಡು ಕೊಟ್ಟಿತ್ತು. ಊರಲ್ಲಿ ಬಳಸಲು ಬಿಡಲಿಲ್ಲ ಎಂದು ಕಾಡಿಗೇ ಒಪ್ಪಿಸಿ ಬಾಗಿಲು ಹಾಕಿಕೊಂಡು ದುಡಿ ಬಾರಿಸಿದ. ತೊಂಬತ್ತು ವರ್ಷಗಳಿಂದ ಈ ಕಾದಂಬರಿಯನ್ನು ಭೂಮಿಯ ಕಥೆಯಾಗಿ, ಮತಾಂತರದ ಕಥೆಯಾಗಿ, ದುರಂತವಾಗಿ ಓದುತ್ತ ಬಂದಿದ್ದಾರೆ. ನಾವು ಅದನ್ನು ಕಾಡಿನ ಕಥೆಯಾಗಿಯೂ ಓದಬೇಕೆನ್ನುತ್ತೇವೆ. ಭೂಮಿ ಇಲ್ಲದವನಿಗೆ ಕಾಡು ಎಂದರೆ ಸೌಂದರ್ಯವಲ್ಲ, ಕೊನೆಯ ಆಸರೆ. ಅದು ಹೋದರೆ ಅವನಿಗೆ ಹಿಂದಕ್ಕೆ ಸರಿಯಲು ಜಾಗವೇ ಇಲ್ಲ.

ಮುಂದಿನ ಚರಿತ್ರೆ ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಉಳುವವನು ಒಡೆಯನಾದ. ಈ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲುಗಳಿಗೆ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸವೇ. ಆದರೆ ಚೋಮ ಅಂದು ಬದುಕಿದ್ದರೂ ಅವನಿಗೆ ಒಂದು ಸೆಂಟ್ಸು ಸಿಗುತ್ತಿರಲಿಲ್ಲ. ಅವನು ಗೇಣಿದಾರನೇ ಅಲ್ಲ, ಮೂಲದಾಳು. ಉಳಲು ಬಿಡದವರು ‘ನೀನು ಉಳಲಿಲ್ಲವಲ್ಲ’ ಅಂದರೆ ಏನು ಮಾಡುವುದು? ಹೀಗೆ ಭೂಮಿಯ ಲೆಕ್ಕದಿಂದ ಹೊರಗೆ ಉಳಿದವರು ಹಾಡಿಯ ಅಂಚಿನಲ್ಲಿ, ಗುಡ್ಡೆಯ ಬದಿಯಲ್ಲಿ ಗುಡಿಸಲು ಕಟ್ಟಿದರು. ಹಾಡಿ ನಮ್ಮ ಜನರಿಗೆ ನೆರೆಮನೆಯಾದದ್ದು ಪ್ರಕೃತಿಪ್ರೇಮದಿಂದಲ್ಲ. ಬೇರೆ ಯಾರೂ ನೆರೆಯಲ್ಲಿ ಇರಗೊಡಲಿಲ್ಲ.

ಘಟ್ಟದ ಮೇಲೆಯೂ ಇದೇ ಕಥೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಆ ಹೆಗ್ಗಾಡಿನೊಳಕ್ಕೆ ಓದುಗನನ್ನು ಮೊದಲು ಕರೆದುಕೊಂಡು ಹೋಗುವವನು ಯಾರು? ಋಷಿಯಲ್ಲ, ಗೌಡನಲ್ಲ. ಸಿಂಬಾವಿಯ ಹೊಲೆಯ ನಾಯಿಗುತ್ತಿ, ತನ್ನ ಹುಲಿಯ ಎಂಬ ನಾಯಿಯೊಡನೆ. ಕತ್ತಲಲ್ಲಿ ದಾರಿ ಬಲ್ಲವನು ಅವನು. ಯಾವ ಸದ್ದು ಯಾವ ಮೃಗದ್ದು ಎಂದು ಬಲ್ಲವನು ಅವನು. ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ವಿಜ್ಞಾನಿಯೂ ಲೇಖಕನೂ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಆದರೆ ಅದನ್ನು ಮೊದಲು ಕಂಡದ್ದು ಜೇನು ಹಿಡಿಯುವ ಮಂದಣ್ಣನ ಕಣ್ಣು. ಕರ್ವಾಲೊ ದೊಡ್ಡವರಾಗುವುದು ಆ ಕಣ್ಣಿಗೆ ಬೆಲೆ ಕೊಟ್ಟದ್ದರಿಂದ.

ಆದ್ದರಿಂದ ನಮ್ಮ ಜಗಳ ಕಾದಂಬರಿಕಾರರ ಮೇಲಲ್ಲ, ಅಥವಾ ಬರೀ ಅವರ ಮೇಲಲ್ಲ. ಅವರು ಕಣ್ಣಾರೆ ಕಂಡದ್ದನ್ನು ಇಟ್ಟಿದ್ದಾರೆ. ಗುತ್ತಿ, ಮಂದಣ್ಣ, ಚೋಮ ಎಲ್ಲ ಅಲ್ಲಿದ್ದಾರೆ. ವಿಮರ್ಶೆ ಮಾತ್ರ ಅವರ ಭುಜದ ಮೇಲೆ ಕೂತು ಕಾಡನ್ನು ನೋಡಿ, ಇಳಿದ ಮೇಲೆ ಹೊತ್ತವರ ಹೆಸರು ಮರೆಯಿತು. ಗುತ್ತಿಯ ನಡಿಗೆಯಿಂದ ‘ದರ್ಶನ’ ತೆಗೆದರು, ಮಂದಣ್ಣನ ಕಣ್ಣಿನಿಂದ ‘ವಿಸ್ಮಯ’ ತೆಗೆದರು. ಅವರ ಜ್ಞಾನ ಜ್ಞಾನವೆಂದೇ ಎಣಿಕೆಯಾಗಲಿಲ್ಲ. ಇದರಿಂದ ಏನಾಯಿತು? ಓದಿದ ವರ್ಗಕ್ಕೆ ಕಾಡು ಒಂದು ದೃಶ್ಯವಾಯಿತು. ದೃಶ್ಯ ಅಂದಮೇಲೆ ಚಂದ ಇರಬೇಕು. ಜಲಪಾತ ಬೇಕು, ಮಂಜು ಬೇಕು, ಶೋಲಾ ಬೇಕು. ನಿಟ್ಟೆಯ ಹಾಡಿಯಲ್ಲಿ ಎಂತ ಉಂಟು ಮಾರಾಯ್ರೆ, ನಾಲ್ಕು ಪೊದೆ! ಹಾಗಾಗಿ ಕುದುರೆಮುಖ ಉಳಿಯಬೇಕು ಎಂದು ಸಹಿ ಹಾಕುವ ಕೈಯೇ ಊರಿನ ಹಾಡಿ ಸೈಟಾದಾಗ ಮುಂಗಡ ಕೊಡುತ್ತದೆ.

ಈಚಿನ ಒಂದು ಕೃತಿಯನ್ನೂ ನೋಡಬೇಕು. 2022ರಲ್ಲಿ ‘ಕಾಂತಾರ’ ಸಿನಿಮಾ ಬಂತು. ನಮ್ಮ ಕರಾವಳಿಯ ಕಾಡು, ದೈವ, ಜಾತಿ, ಅರಣ್ಯ ಇಲಾಖೆ ಎಲ್ಲವನ್ನೂ ಒಟ್ಟಿಗೆ ತಂದ ಚಿತ್ರ. ಧಣಿಯ ಮೋಸವನ್ನು ಅದು ಬಯಲಿಗೆ ಎಳೆಯುತ್ತದೆ, ಕಾಡನ್ನು ನಂಬಿ ಬದುಕುವವರನ್ನು ನಡುವೆ ನಿಲ್ಲಿಸುತ್ತದೆ. ಅಷ್ಟಕ್ಕೆ ಮೆಚ್ಚುತ್ತೇವೆ. ಆದರೆ ಎರಡು ತಕರಾರು. ಒಂದು, ಭೂಮಿಯ ಹಕ್ಕು ಅಲ್ಲಿ ರಾಜನ ದಾನವಾಗಿ ಬರುತ್ತದೆ, ದೈವದ ಕೈಯಲ್ಲಿ ಉಳಿಯುತ್ತದೆ. ದುಡಿದವರ ಹಕ್ಕಾಗಿ ಬರುವುದಿಲ್ಲ. ನಮಗೆ ದಾನ ಬೇಡ, ದಾಖಲೆ ಬೇಕು. ಎರಡು, ಅಲ್ಲಿ ಧಣಿ ಇದ್ದಾನೆ, ಅಧಿಕಾರಿ ಇದ್ದಾನೆ, ದೈವ ಇದೆ, ಪೇಟೆ ಮಾತ್ರ ಇಲ್ಲ. ಇಂದು ಹಾಡಿಯನ್ನು ತಿನ್ನುತ್ತಿರುವುದು ಪೇಟೆ. ಅದಕ್ಕೆ ಮೀಸೆ ಇಲ್ಲ, ಪಲ್ಲಕ್ಕಿ ಇಲ್ಲ. ಭೂಪರಿವರ್ತನೆಯ ಕಾಗದ ಹಿಡಿದು ನಗುನಗುತ್ತಾ ಬರುತ್ತದೆ. ಅದನ್ನು ಖಳನಾಯಕ ಮಾಡಿದರೆ ಥಿಯೇಟರಿನಲ್ಲಿ ಕೂತ ಅರ್ಧ ಮಂದಿಗೆ ಕಸಿವಿಸಿಯಾದೀತು.

ದೈವದ ಮಾತು ಬಂತು. ಕೊರಗ ತನಿಯ ಇಂದು ಕೊರಗಜ್ಜನಾಗಿ ಊರೂರಲ್ಲಿ ಪೂಜೆಗೊಳ್ಳುತ್ತಾನೆ. ಅವನ ಕುಲದವರೋ? ಅಜಲು ಎಂಬ ಅಮಾನುಷ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಮಾಡಬೇಕಾಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕೊರಗರು 14,794. ಹಾಡಿಯ ಬಿದಿರು, ಬಳ್ಳಿಗಳಿಂದ ಬುಟ್ಟಿ, ತಡ್ಪೆ ಹೆಣೆಯುವ ಜನ. ಯಾವ ಬಳ್ಳಿ ಯಾವ ತಿಂಗಳಲ್ಲಿ ಬಾಗುತ್ತದೆ, ಎಲ್ಲಿ ಕೊಯ್ದರೆ ಮತ್ತೆ ಚಿಗುರುತ್ತದೆ ಎಂದು ಅವರ ಬೆರಳಿಗೆ ಗೊತ್ತು. ಬುಡ ಕಿತ್ತರೆ ಮುಂದಿನ ವರ್ಷ ಅನ್ನ ಇಲ್ಲ. ಇದಕ್ಕಿಂತ ದೊಡ್ಡ ಸಂರಕ್ಷಣಾ ಶಾಸ್ತ್ರ ಯಾವುದು? ಹಾಡಿ ಹೋದ ಮೇಲೆ ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಹೆಣೆಯುವ ಕೈ ಪೇಟೆಯ ಚರಂಡಿಗೆ ಇಳಿಯಿತು. ಕಾಡಿನ ನಾಶ ಅಂದರೆ ಮರ ಬೀಳುವುದಷ್ಟೇ ಅಲ್ಲ, ಒಂದು ಜನ ಕೂಲಿಗೆ ಬೀಳುವುದು. ಕೊರಗರು ಈ ನೆಲದಲ್ಲಿ ಕೃಷಿಭೂಮಿಗಾಗಿ ಸಂಘಟಿತರಾಗಿ ಹೋರಾಡಿದವರು. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಅಂದು ಮೂರು ದಶಕ ಕಳೆಯಿತು.

ಕಾರ್ಕಳದ ಹತ್ತಿರ ಬೈಲೂರಿನ ಉಮಿಕಲ್ ಬೆಟ್ಟದ ಮೇಲೆ 2023ರಲ್ಲಿ ಪರಶುರಾಮನ ದೊಡ್ಡ ಪ್ರತಿಮೆ ನಿಲ್ಲಿಸಿದರು. ಆಮೇಲೆ ಅದು ಕಂಚೋ ಅಲ್ಲವೋ ಎಂಬ ಗಲಾಟೆ ಎದ್ದು ಪೊಲೀಸು, ನ್ಯಾಯಾಲಯಗಳವರೆಗೆ ಹೋಯಿತು. ಲೋಹದ ಬಗ್ಗೆ ಎದ್ದಷ್ಟು ಗದ್ದಲ ಬೆಟ್ಟದ ಬಗ್ಗೆ ಏಳಲಿಲ್ಲ. ವಿಮರ್ಶಕರಾಗಿ ನಮಗೆ ಕಾಣುವುದು ಆ ಪುರಾಣದ ಅರ್ಥ. ಪರಶುರಾಮ ಕೊಡಲಿ ಎಸೆದ, ಕಡಲು ಹಿಂದೆ ಸರಿಯಿತು, ನೆಲ ಹುಟ್ಟಿತು, ಬ್ರಾಹ್ಮಣರಿಗೆ ದಾನವಾಯಿತು. ಅಂದರೆ ಅದಕ್ಕೆ ಮೊದಲು ಇಲ್ಲಿ ಯಾರೂ ಇರಲಿಲ್ಲ! ಮತ್ತದೇ ‘ಬರಡು’. ಈ ಕರಾವಳಿಯ ಹುಟ್ಟಿನ ಕಥೆಯೇ ಕೊಡಲಿಯಿಂದ ಶುರುವಾಗುತ್ತದೆ, ಗೆಳೆಯರೇ. ಜೆಸಿಬಿಗೆ ಬೇರೆ ಪುರಾಣ ಬೇಕೆ?

ಪದ, ಪುರಾಣ ಎಂದು ಇಷ್ಟು ಜಗ್ಗುವುದು ಯಾಕೆ ಎಂದು ಕಾರ್ಯಕರ್ತ ಮಿತ್ರರು ಕೇಳಬಹುದು. ಯಾಕೆಂದರೆ ಕಾನೂನು ಪದದ ಮೇಲೆ ನಿಂತಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರ ಹೆಸರಲ್ಲಿದ್ದರೂ ಶಬ್ದಕೋಶದ ಅರ್ಥಕ್ಕೆ ಹೊಂದುವ ಕಾಡೆಲ್ಲ ಕಾಡೇ ಎಂದಿತು. ಅಲ್ಲಿಂದ ‘ಪರಿಭಾವಿತ ಅರಣ್ಯ’ದ ಪಟ್ಟಿ ಹುಟ್ಟಿತು. ಕರ್ನಾಟಕದಲ್ಲಿ ಅದು ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್. 2022ರಲ್ಲಿ ಸರ್ಕಾರ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. 2023ರಲ್ಲಿ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನೇ ತಿದ್ದಿ ವ್ಯಾಪ್ತಿ ಕಿರಿದು ಮಾಡಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ ಶಬ್ದಕೋಶದ ಅರ್ಥವನ್ನೇ ಪಾಲಿಸಿ ಎಂದಿತು. ನೋಡಿ, ಒಂದು ಹಾಡಿಯ ಸಾವು ಬದುಕು ಶಬ್ದಕೋಶಕ್ಕೆ ಬಂದು ನಿಂತಿದೆ. ಶಬ್ದಕ್ಕೆ ಜೀವ ತುಂಬುವುದು ಸಾಹಿತ್ಯದ ಕೆಲಸವಲ್ಲವೆ? ಹಾಡಿ, ಪದವು, ಬನ ಎಂಬವು ಕಾಡು ಎಂಬ ಅರ್ಥದೊಳಗೆ ಬರುವಂತೆ ನಾವು ಎಷ್ಟು ಬರೆದಿದ್ದೇವೆ?

ಇಲ್ಲಿಯೇ ಒಂದು ಕಟುಸತ್ಯವನ್ನೂ ಹೇಳಬೇಕು. ಈ ಪರಿಭಾವಿತ ಅರಣ್ಯದ ಹೆಸರಿನಲ್ಲಿ ಏಟು ತಿಂದವರೂ ನಮ್ಮವರೇ. ಗುಡ್ಡೆಯ ಬದಿಯಲ್ಲಿ ನಾಲ್ಕು ದಶಕದಿಂದ ಮನೆ ಕಟ್ಟಿಕೊಂಡವರು 94ಸಿ ಅರ್ಜಿ ಹಾಕಿದರೆ ‘ಇದು ಅರಣ್ಯ, ಆಗುವುದಿಲ್ಲ’ ಎಂದು ಕಡತ ಮಗುಚುತ್ತಾರೆ. ದಲಿತರಿಗೆಂದು ಬ್ರಿಟಿಷರ ಕಾಲದಲ್ಲಿಯೇ ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿ ಕೇಳಿದರೆ ಸರ್ವೆ ಆಗಬೇಕು ಅನ್ನುತ್ತಾರೆ. ಇತ್ತ ಕುಮ್ಕಿಯ ಕಥೆ ಕೇಳಿ. ವರ್ಗ ಜಮೀನಿನಿಂದ ನೂರು ಗಜದೊಳಗಿನ ಸರ್ಕಾರಿ ಭೂಮಿಯ ಸೊಪ್ಪು ಸೌದೆಯ ಸವಲತ್ತು ಭೂಮಾಲಕನಿಗೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಇದನ್ನು ಮುಂದುವರಿಸಿತು. ಸವಲತ್ತು ಧಣಿಯದು, ಸೊಪ್ಪು ಕಡಿದು ತಲೆಯಲ್ಲಿ ಹೊತ್ತು ಹಟ್ಟಿಗೆ ಹಾಕಿದ್ದು ನಮ್ಮ ತಾಯಂದಿರು. ಹೊತ್ತವರ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ. ಈಗ ಹಟ್ಟಿಯಲ್ಲಿ ದನ ಇಲ್ಲ, ಗದ್ದೆಗೆ ಸೊಪ್ಪು ಬೇಡ. ಹಾಗಾದರೆ ಕುಮ್ಕಿಯ ಮರ ಯಾಕೆ ಬೇಕು? ಈ ಲೆಕ್ಕದಿಂದಲೇ ಎಷ್ಟೋ ಹಾಡಿಗಳು ರಬ್ಬರಾದವು, ಸೈಟಾದವು.

ಘಟ್ಟದ ಬುಡದಲ್ಲಿ ನಡೆದದ್ದನ್ನು ಕಾರ್ಕಳದವರು ಮರೆಯಬಾರದು. 1976ರಲ್ಲಿ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಬಂತು. ಬೆಟ್ಟ ಅರೆದು ನೀರಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಜನರ ಹೋರಾಟ, ಪರಿಸರವಾದಿಗಳ ಕಾನೂನು ಸಮರದಿಂದ 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಇದು ನಿಜವಾದ ಗೆಲುವು. ಭದ್ರೆ ಉಳಿದಳು, ಸಿಂಗಳೀಕ ಉಳಿಯಿತು. ಆದರೆ ಅದೇ ವರ್ಷಗಳಲ್ಲಿ ಮಲೆಕುಡಿಯರ ಮನೆಗಳಿಗೆ ಕಾಡು ಬಿಡಿ ಎಂಬ ಮಾತು ಹೋಯಿತು. ಕಂಪೆನಿಗೆ ವರ್ಷಗಟ್ಟಲೆ ಅವಧಿ ವಿಸ್ತರಣೆ, ಕುಡಿಯನಿಗೆ ಒಕ್ಕಲೆಬ್ಬಿಸುವ ಭಯ. ಆ ಅಸಮಾಧಾನದ ನೆಲದಲ್ಲಿಯೇ ಬಂದೂಕು ಬಂತು. 2003ರ ನವೆಂಬರಿನಲ್ಲಿ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2024ರ ನವೆಂಬರಿನಲ್ಲಿ ಹೆಬ್ರಿ ಕಡೆಯ ಪೀತಬೈಲಿನಲ್ಲಿ ಮಲೆಕುಡಿಯರ ವಿಕ್ರಂ ಗೌಡ ಸತ್ತ. ಬಂದೂಕಿನ ದಾರಿಯನ್ನು ನಾವು ಹಾಡುವುದಿಲ್ಲ. ಆದರೆ ಹಕ್ಕುಪತ್ರ ಹೋಗಬೇಕಾದ ಮನೆಗೆ ಗುಂಡು ಮೊದಲು ಹೋದದ್ದನ್ನು ಹೇಳದೆ ಬಿಡುವುದೂ ಇಲ್ಲ.

ಹಾಗಾದರೆ ಕಾಡು ಬೇಕೋ, ಬಡವನಿಗೆ ಮನೆ ಬೇಕೋ? ಈ ಪ್ರಶ್ನೆಯನ್ನು ನಮ್ಮ ಮುಂದೆ ಒಡ್ಡುವವರಿಗೆ ಸಾಮಾನ್ಯವಾಗಿ ಎರಡೂ ಇರುತ್ತದೆ – ಪೇಟೆಯಲ್ಲಿ ಮನೆ, ವಾರದ ಕೊನೆಗೆ ಕಾಡು. ಇದು ಸುಳ್ಳು ಪ್ರಶ್ನೆ. ಐದು ಸೆಂಟ್ಸಿನ ಮನೆ ಹಾಡಿಯನ್ನು ತಿನ್ನುವುದಿಲ್ಲ. ಪಕ್ಕದ ಎಲ್ಲೂರಿನ 1200 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ಐದು ಸೆಂಟ್ಸಿನಲ್ಲಿ ಎದ್ದದ್ದಲ್ಲ. ಪೇಟೆಯವರಿಗೂ ಇದು ಪರರ ಕಥೆಯಲ್ಲ. ಕಾರ್ಕಳದ ಕಡೆಯಿಂದ ಹರಿಯುವ ಸ್ವರ್ಣೆಯನ್ನು ಬಜೆಯಲ್ಲಿ ಕಟ್ಟಿಯೇ ಉಡುಪಿ, ಮಣಿಪಾಲ ನೀರು ಕುಡಿಯುವುದು. ಮೇಲಿನ ಗುಡ್ಡೆಗಳು ಮಳೆ ಕುಡಿಯದಿದ್ದರೆ ಕೆಳಗಿನ ನಲ್ಲಿಯಲ್ಲಿ ಏಪ್ರಿಲಿಗೆ ಗಾಳಿ ಬರುತ್ತದೆ.

ನಮ್ಮ ನಿಲುವು ಇಷ್ಟು. ಭೂಮಿಯ ಹಕ್ಕನ್ನೂ ಕಾಡಿನ ಉಳಿವನ್ನೂ ಒಂದೇ ಅರ್ಜಿಯಲ್ಲಿ ಬರೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ಕೊಟ್ಟಿದೆ, ಕೊರಗರಂಥ ಸಮುದಾಯಗಳಿಗೆ ನೆಲೆಯ ಹಕ್ಕನ್ನೂ ಹೇಳಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ಪುಸ್ತಕವನ್ನು ಕಂಪ್ಯೂಟರಿನಿಂದ ನಕಲು ತೆಗೆದು ತುಂಬಿಸಲು ಬಿಡಬೇಡಿ. ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳನ್ನು ಹಾಡಿಗೆ ಕರೆದುಕೊಂಡು ಹೋಗಿ. ಮುಂದೆ ನಡೆಯಲು ಬುಟ್ಟಿ ಹೆಣೆಯುವ ಅಜ್ಜಿಯನ್ನು, ಸೊಪ್ಪು ಹೊತ್ತ ಅಮ್ಮನನ್ನು, ಮೂರ್ತೆದಾರನನ್ನು ಕರೆಯಿರಿ. ಅವರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತುಳುವಾದರೆ ತುಳು, ಕೊರಗ ನುಡಿಯಾದರೆ ಕೊರಗ ನುಡಿ. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ನಾಳೆ ಭೂಪರಿವರ್ತನೆಯ ನೋಟೀಸು ಬಂದಾಗ ಪಂಚಾಯಿತಿಯ ಮೇಜಿನ ಮೇಲೆ ಇಡಲು ಆ ಪುಸ್ತಕ ಬೇಕು. ‘ಇಲ್ಲಿ ಏನೂ ಇರಲಿಲ್ಲ’ ಅನ್ನುವವನಿಗೆ ಅದನ್ನು ತೆರೆದು ಓದಿ ಹೇಳಬೇಕು.

ಕವಿಮಿತ್ರರಲ್ಲಿ ಒಂದು ಮಾತು. ಕ್ರಾಂತಿಯ ಕವಿತೆಯಲ್ಲಿ ನಾವು ಕೆಂಪು ಸೂರ್ಯನನ್ನು ಬೇಕಾದಷ್ಟು ಸಲ ಹುಟ್ಟಿಸಿದ್ದೇವೆ. ಕೆಂಪು ಕೇಪುಳದ ಹೂವನ್ನು, ಅದರ ಬುಡದಲ್ಲಿ ಕೂತು ಬಳ್ಳಿ ಸೀಳುವ ಕೈಯನ್ನು ಬರೆದದ್ದು ಎಷ್ಟು? ಹಾಡಿ ನಮ್ಮ ಬಂಡಾಯದ ಹೊರಗಿನ ವಿಷಯವಲ್ಲ. ಅದು ಪಟ್ಟೆ ಇಲ್ಲದವರ ಕೊನೆಯ ಆಸ್ತಿ. ಅದನ್ನು ಬರೆಯುವ ಭಾಷೆ ವಿಶ್ವವಿದ್ಯಾಲಯದಲ್ಲಿ ಸಿಗುವುದಿಲ್ಲ. ಸಿಗುವ ಜಾಗಕ್ಕೆ ದಾರಿ ಇನ್ನೂ ಉಂಟು, ಕಾಲುದಾರಿ. ರಸ್ತೆಯಾಗುವ ಮೊದಲು ಹೋಗಿ ಬರೋಣ.